ಮುಯ್ಯಿಗೆ ಎತ್ತಿದ ಕೈಗಳು

ಕೊಳ್ಳೇಗಾಲಕ್ಕೂ ಲಿಫ್ಟ್ ಬಂದಿದೆ. ಹೋದ ತಿಂಗಳು ನೆಂಟರ ಮದುವೆಗೆ ಹೋದಾಗ ಕಲ್ಯಾಣಮಂಟಪದವರು ನನ್ನ ಮಂಡಿಯ ಕಡೆ ನೋಡಿ, "ಅಜ್ಜಿ, ಮೆಟ್ಲು ಅತ್ಬೇಡಿ, ಇದ್ರಲ್ಲಿ ಬನ್ನಿ" ಎಂದು ಅಡುಗೆ ಸಾಗಿಸುವ ಲಿಫ್ಟಿನೊಳಗೆ, ಸಾರಿನ ಕೊಳಗದ ಪಕ್ಕ ನಿಲ್ಲಿಸಿದರು. ಬಾಗಿಲು ಮುಚ್ಚಿತು. ಗ್ರೀಸು, ಫಿನಾಯಿಲು, ಬೆಂದ ತೊಗರಿಬೇಳೆ. ಈ ಮೂರೂ ಒಟ್ಟಿಗೆ ನನ್ನ ಮೂಗಿಗೆ ಬಂದದ್ದು ಇದಕ್ಕೆ ಮುಂಚೆ ಒಂದೇ ಒಂದು ಕಟ್ಟಡದಲ್ಲಿ. ಮೊದಲ ಮಹಡಿಗೆ ತಲುಪುವಷ್ಟರಲ್ಲಿ ನನಗೆ ಹತ್ತೊಂಬತ್ತು ವರ್ಷವಾಗಿತ್ತು. ಕೈಯಲ್ಲಿ ಟೈಪಿಂಗ್ ಕ್ಲಾಸಿನ ಪುಸ್ತಕವಿತ್ತು. ಪಕ್ಕದಲ್ಲಿ ಅವ್ವ, ಲಿಫ್ಟ್ ಅಲುಗಿದಾಗಲೆಲ್ಲ ಮಾದಪ್ಪನ ಹೆಸರು ಹೇಳುತ್ತ ನಿಂತಿದ್ದಳು.

ಇಷ್ಟು ಸಲೀಸಾಗಿ ಬರುವ ನೆನಪನ್ನು ನಾನು ನಂಬುವುದಿಲ್ಲ. ಈ ಬರಹವನ್ನು ಮೊದಲ ಸಲ ಬರೆದಾಗ ಆ ಕಟ್ಟಡದಲ್ಲಿ ನಡೆದ ಸಭೆಯ ದಿನ ಮಳೆ ಸುರಿಯುತ್ತಿತ್ತು ಎಂದು ಬರೆದಿದ್ದೆ. ಸಭೆ ನಡೆದದ್ದು ತಾರಸಿಯ ಮೇಲೆ, ಮೇ ತಿಂಗಳಲ್ಲಿ. ಮಳೆ ಎಲ್ಲಿಂದ ಬರಬೇಕು? ದುಃಖಕ್ಕೆ ಹೊಂದುತ್ತದೆಂದು ನಾನೇ ತಂದು ಸುರಿಸಿದ್ದೆ. ಅಳಿಸಿದೆ. ಆ ದಿನ ಬಿಸಿಲಿತ್ತು. ಅವ್ವನ ಕೈಯ ತಟ್ಟೆಯಲ್ಲಿ ನೀರುಮಜ್ಜಿಗೆಯ ಲೋಟಗಳಿದ್ದವು. ಇದಿಷ್ಟು ಖಾತ್ರಿ.

ನಮ್ಮೂರು ಶಾಗ್ಯ. ಕೊಳ್ಳೇಗಾಲದ ಸೀಮೆಯೆಲ್ಲ ಮದರಾಸಿಗೆ ಸೇರಿದ್ದ ಕಾಲದಲ್ಲಿ ನನ್ನ ಅಣ್ಣ ಮಾದೇವ ಕೊಯಮತ್ತೂರಿಗೆ ಹೋಗಿ ನೇಯ್ಗೆಯ ಕೆಲಸ ಓದಿದ. ನಾವು ಮೈಸೂರಿಗೆ ಸೇರುವ ಹೊತ್ತಿಗೆ ಅವನು ಬೊಂಬಾಯಿಯ ಗಿರಣಿ ಸೇರಿದ್ದ. ಅಪ್ಪ ತೀರಿಕೊಂಡ ಮೇಲೆ, ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ, ಬಂದು ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ಅವ್ವ ಹೊಲವನ್ನು ಚಿಕ್ಕಪ್ಪನಿಗೆ ಬೆಳೆಯ ಪಾಲಿಗೆ, ವಾರಕ್ಕೆ ಬಿಟ್ಟಳು. ಜೋಡಿ ಎತ್ತನ್ನೂ ಅವನ ಕೊಟ್ಟಿಗೆಗೆ ಹೊಡೆದಳು. "ಇನ್ ಮಗ ಇದ್ದ ಕಡೀಕೆ ನಾನು" ಎಂದು ಊರಿಗೆಲ್ಲ ಹೇಳಿ ಹೊರಟಳು.

ಮಾಟುಂಗದ ಆ ಕಟ್ಟಡ ನಾಲ್ಕು ಅಂತಸ್ತಿನದು. ಅದಕ್ಕೆ ಯಜಮಾನನಿರಲಿಲ್ಲ, ಅಲ್ಲಿದ್ದವರೆಲ್ಲ ಸೇರಿ ಕಟ್ಟಿಕೊಂಡ ಸಹಕಾರಿ ಸೊಸೈಟಿ ಅದರ ಯಜಮಾನ. ಮನೆಮನೆಗೂ ಒಲೆಯಿರಲಿಲ್ಲ. ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದು ಅಡುಗೆಮನೆ. ತಲೆಗೊಂದರಂತೆ ಮುಚ್ಚಳದ ಡಬ್ಬಿಯಲ್ಲಿ ಊಟ ಲಿಫ್ಟ್ ಹತ್ತಿ ಬರುತ್ತಿತ್ತು. ಬಟ್ಟೆ ಒಗೆಯುವವರು, ಕಸ ಗುಡಿಸುವವರು, ಲಿಫ್ಟ್ ನಡೆಸುವವನು, ಎಲ್ಲರೂ ಸೊಸೈಟಿಯ ನೌಕರರು. ಅವರಿಗೆ ತಾರಸಿಯ ಮೇಲೆ ತಗಡಿನ ಕೋಣೆಗಳು. ನಾವಿದ್ದದ್ದು ಮೂರನೇ ಅಂತಸ್ತಿನಲ್ಲಿ, ಆಫ್ರಿಕಾಕ್ಕೆ ಹೋಗಿದ್ದ ಸದಸ್ಯರೊಬ್ಬರ ಮನೆಯಲ್ಲಿ, ಅವರು ಬರುವವರೆಗೆ. ಆ ಮನೆ ಕೊಡಿಸಿದವರು ಸೊಸೈಟಿಯ ಸೆಕ್ರೆಟರಿ ಗುರುಸ್ವಾಮಯ್ಯ. ಯಳಂದೂರಿನವರು, ನಮ್ಮ ಕಡೆಯವರು ಎಂಬ ಧೈರ್ಯ ನಮಗೆ. ಎರಡನೇ ಅಂತಸ್ತಿನಲ್ಲಿ ಒಂದು ಮನೆ ಬರುವ ಬೇಸಿಗೆಗೆ ಖಾಲಿಯಾಗುವುದಿತ್ತು. ಸದಸ್ಯರ ಸಭೆ ಕೈ ಎತ್ತಿ ಒಪ್ಪಿದರೆ ಅದು ಅಣ್ಣನಿಗೆ, ಅಂದರೆ ನಮಗೆ. ಒಪ್ಪದಿದ್ದರೆ ಅವ್ವನಿಗೂ ನನಗೂ ಆ ಊರಿನಲ್ಲಿ ತಲೆಯಿಡಲು ಜಾಗವಿರಲಿಲ್ಲ. ಆ ವರ್ಷವೆಲ್ಲ ನಾವು ಬದುಕಿದ್ದು ಆ ಸಭೆಗಾಗಿ.

"ನೀನೇನೂ ಮಾಡ್ಬೇಕಾಗಿಲ್ಲ ಅವ್ವ. ಎಲ್ಲಾನೂ ಸೊಸೈಟಿನೇ ಮಾಡ್ತದೆ" ಎಂದ ಅಣ್ಣ, ಮೊದಲ ದಿನ.

"ಎಲ್ಲಾ ಅವ್ರೇ ಮಾಡುದ್ರೆ ನಾನೇನ್ಲಾ, ಎಣನಾ?" ಎಂದಳು ಅವ್ವ.

ಮೂರು ದಿನ ಕಿಟಕಿಯ ಸರಳು ಹಿಡಿದು ನಿಂತಳು. ಬಂದ ಡಬ್ಬಿಯನ್ನು ತೆರೆದು, "ಇದ್ಕ ಉಪ್ಪು ಆಕ್ದವ ಯಾರು, ಅವನ್ ಮೊಕ ನೋಡ್ಬೇಕು ಕಣವ್ವ ಗೌರಿ" ಎಂದಳು. ನಾಲ್ಕನೆಯ ದಿನ ಎದುರು ಮನೆಯ ಗುಜರಾತಿ ಹೆಂಗಸು ಬಾಗಿಲುಗಳ ನಡುವಿನ ಓಣಿಯಲ್ಲಿ ಚಾಪೆ ಹಾಸಿ ಒಬ್ಬಳೇ ಹಪ್ಪಳ ಲಟ್ಟಿಸುತ್ತಿದ್ದಳು. ಅವ್ವ ಹೋಗಿ ಎದುರಿಗೆ ಕೂತಳು, ಮಣೆ ತನ್ನ ಕಡೆಗೆ ಎಳೆದುಕೊಂಡಳು. ಒಬ್ಬರ ಮಾತು ಒಬ್ಬರಿಗೆ ಬಾರದು. ಸಂಜೆಗೆ ಎದ್ದು ಬಂದಾಗ ಅವ್ವನ ಮುಖ ಶಾಗ್ಯದಲ್ಲಿದ್ದಾಗಿನ ಹಾಗಿತ್ತು.

"ಒಂದಾಳು ಓದೆ ಅವ್ರ ಮನ್ಗ" ಎಂದಳು.

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ. ನಮ್ಮ ಕಡೆ ಇದಕ್ಕೆ ಮುಯ್ಯಿ ಎನ್ನುತ್ತಾರೆ. ನಿಮ್ಮ ಹೊಲದ ಕಳೆಗೆ ನಮ್ಮ ಮನೆಯಿಂದ ಒಂದಾಳು ಬಂದರೆ, ನಮ್ಮ ಕುಯ್ಲಿಗೆ ನಿಮ್ಮ ಮನೆಯಿಂದ ಒಂದಾಳು ಬರಬೇಕು. ಕೂಲಿ ಇಲ್ಲ, ಕೊಡು ಎಂದು ಕೇಳುವ ಪ್ರಮೇಯವೂ ಇಲ್ಲ. ಮದುವೆಯಲ್ಲಿ ಕೊಡುವ ಉಡುಗೊರೆಗೂ ಮುಯ್ಯಿ ಎಂದೇ ಹೆಸರು. ಅದೂ ತಿರುಗಿ ಬರಬೇಕಾದದ್ದೇ. ಮುಯ್ಯಿ ಇಟ್ಟುಕೊಂಡವರು ಸಮಾನರು. ಕೂಲಿಯಾಳಿನ ಜೊತೆ ಯಾರೂ ಮುಯ್ಯಿ ಇಟ್ಟುಕೊಳ್ಳುವುದಿಲ್ಲ. ಸಹಕಾರಿ ಸೊಸೈಟಿ ಎಂದರೇನೆಂದು ಅಣ್ಣ ವಿವರಿಸಿದಾಗ, ಎಲ್ಲರೂ ಸೇರಿ ಮಾಡಿಕೊಂಡದ್ದು, ಯಾರೂ ಯಾರಿಗೂ ಯಜಮಾನನಲ್ಲ ಎಂದಾಗ, ಅವ್ವ ತಲೆದೂಗಿದ್ದಳು. "ಗೊತ್ತಾಯ್ತು ಬುಡು. ಮುಯ್ಯಾಳು ಕಟ್ಕಂಡಂಗೆ."

ಅಲ್ಲಿಂದ ಅವಳು ನಿಲ್ಲಲಿಲ್ಲ. ಒಂದನೇ ಅಂತಸ್ತಿನ ತಮಿಳು ಅಜ್ಜಿ ಬಿದ್ದು ಸೊಂಟ ಹಿಡಿದಾಗ ದಿನವೂ ಹೋಗಿ ಎಣ್ಣೆ ನೀವಿದಳು. ತಮಿಳು ಅವಳಿಗೆ ಬರುತ್ತಿತ್ತು. ಸೊಸೈಟಿಯ ಅಧ್ಯಕ್ಷರು ನಿವೃತ್ತ ಪ್ರಿನ್ಸಿಪಾಲರು, ಮರಾಠಿಯವರು. ಅವರ ಹೆಂಡತಿಯ ಮಂಡಿಗೆ ಎಕ್ಕದೆಲೆ ಕಾಯಿಸಿ ಕಟ್ಟಿದಳು. ಸೆಕ್ರೆಟರಿಯ ಹೆಂಡತಿ ನೀಲಮ್ಮನಿಗೆ ಹೆರಿಗೆಯಾದಾಗ ಬಾಣಂತನ ಪೂರ್ತಿ ಅವ್ವನದೇ. ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರು ಹುಯ್ಯುವಾಗ ಇಡೀ ಅಂತಸ್ತಿಗೆ ಅವಳ ಜೋಗುಳ ಕೇಳುತ್ತಿತ್ತು. ಉಳಿದ ಮನೆಗಳಲ್ಲಿ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಳೋ, ಎಷ್ಟು ಅರ್ಥವಾಗುತ್ತಿತ್ತೋ, ನಾವು ಯಾರೂ ಕೇಳಲಿಲ್ಲ. ಕೈಸನ್ನೆ ಇರಬೇಕು ಅಂದುಕೊಂಡೆವು. ನಾನು ಬೆಳಗ್ಗೆ ಟೈಪಿಂಗ್ ಕ್ಲಾಸಿಗೆ ಹೋಗಿಬಿಡುತ್ತಿದ್ದೆ.

ಚಳಿಗಾಲ ಕಳೆದ ಮೇಲೆ ಅವ್ವ ಶ್ಯಾವಿಗೆಗೆ ರಾಗಿ ಹಿಟ್ಟು ಕಲಸಿದಳು. ನೀಲಮ್ಮನ ಊರಿನಿಂದ ಶ್ಯಾವಿಗೆ ಒತ್ತುವ ಒರಳು ತರಿಸಿದ್ದಳು. ಹಿಂದಿನ ದಿನವೇ ಮನೆಮನೆಗೂ ಹೋಗಿ ಸನ್ನೆ ಮಾಡಿ, ತಾರಸಿ ತೋರಿಸಿ, ಒಂದೊಂದು ಬೆರಳೆತ್ತಿ ಕರೆದು ಬಂದಳು. ಮನೆಗೊಂದಾಳು. ಮಾರನೆಯ ದಿನ ಹತ್ತು ಗಂಟೆಗೆ ತಾರಸಿಗೆ ಬಂದವರು ಪ್ರಿನ್ಸಿಪಾಲರ ಮನೆಯ ಪಾತ್ರೆ ತೊಳೆಯುವವಳು, ಗುಜರಾತಿಯವರ ಮನೆಯ ಮುದುಕಿ ಆಯಾ, ನೀಲಮ್ಮನ ಮನೆಗೆಲಸದ ಹೆಂಗಸು ಶಾಂತಾ. ನೀಲಮ್ಮ ಮೆಟ್ಟಿಲವರೆಗೆ ಬಂದು, "ಶಾಂತಾನ ಕಳ್ಸಿದ್ದೀನಿ ಅತ್ತೆ, ಎಷ್ಟೊತ್ತಾದ್ರೂ ಇಟ್ಕಳಿ" ಎಂದಳು.

"ನೀನ್ ಬರಲ್ವಾ?"

"ಮಗ ಅದೆಯಲ್ಲ ಅತ್ತೆ."

"ಮಗೀನೂ ತಕಂಡ್ ಬಾ. ನಾನೇ ತಾನೆ ಅದ್ನ ಇಷ್ಟ್ ದಿನ ಇಡ್ಕಂಡಿದ್ದು."

ನೀಲಮ್ಮ ನಕ್ಕಳು. ಅವ್ವ ನಗಲಿಲ್ಲ. "ಮುಯ್ಯಿಗ ಆಳ್ ಕಳ್ಸಂಗಿಲ್ಲ ಕಣಮ್ಮ. ಮೈ ಕಳಿಸ್ಬೇಕು. ನೀನು ಯಳಂದೂರ್ನೋಳು, ನಿಂಗ ಏಳ್ಕೊಡ್ಬೇಕಾ?"

ಬಂದ ಮೂವರನ್ನೂ ಅವ್ವ ಶ್ಯಾವಿಗೆಗೆ ಮುಟ್ಟಗೊಡಲಿಲ್ಲ. ನೆರಳಲ್ಲಿ ಕೂರಿಸಿದಳು, ತಲೆಗೆ ಎಣ್ಣೆ ಹಾಕಿದಳು, ಬೆಲ್ಲದ ಹಾಲಿನ ಜೊತೆ ಶ್ಯಾವಿಗೆ ಉಣ್ಣಿಸಿ ಕಳಿಸಿದಳು. ಒರಳನ್ನು ನಾನೂ ಅವಳೂ ಒತ್ತಿದೆವು. ಸಂಜೆಗೆ ನನ್ನ ಅಂಗೈ ಬೊಬ್ಬೆ ಬಂದಿತ್ತು. ಅವ್ವ ಅದಕ್ಕೆ ಬೆಣ್ಣೆ ಸವರುತ್ತ ಹೇಳಿದಳು: "ಓಗ್ಲಿ ಬುಡು. ಪೇಟೆಯೋರು, ಶ್ಯಾವಿಗ ಒತ್ತಕ ಬರ್ದೆ ಇರ್ಬೌದು. ಚಿಲ್ರೆ ಚಿಲ್ರೆ ಕೇಳದೇ ಬ್ಯಾಡ. ಮನ ಕೊಡ ದಿನ ಒಂದೇ ಸಲ ಕೇಳ್ತೀನಿ. ಕೈ ಎತ್ತಕ ಆಳ್ ಕಳ್ಸಕಾಯ್ತದಾ?"

ಆ ಮಾತನ್ನು ನಾನು ಅಣ್ಣನಿಗೆ ಹೇಳಿದಾಗ ಅವನು ಜೋರಾಗಿ ನಕ್ಕ. ಗುರುಸ್ವಾಮಯ್ಯನವರಿಗೂ ಹೇಳಿ ನಗಿಸಿದ. ಅವನು ಅವ್ವನನ್ನು ಪ್ರೀತಿಸುತ್ತಿದ್ದನೇ ಎಂದು ಯಾರಾದರೂ ಕೇಳಿದರೆ ಹೌದು ಎನ್ನುತ್ತೇನೆ. ಭಾನುವಾರ ಅವಳನ್ನು ಸಮುದ್ರಕ್ಕೆ ಕರೆದೊಯ್ದು, ಅಲೆ ಬಂದಾಗ ಅವಳ ಸೆರಗು ಹಿಡಿದುಕೊಂಡು ನಿಲ್ಲುತ್ತಿದ್ದ. ಇದನ್ನು ಬಿಟ್ಟು ಬರೆದರೆ ನನಗೆ ಅನುಕೂಲ. ಆದರೆ ನಿಂತಿದ್ದ.

ಸಭೆಗೆ ಹಿಂದಿನ ವಾರ ಗುರುಸ್ವಾಮಯ್ಯ ಅಣ್ಣನನ್ನು ಕೆಳಗೆ ಕರೆಸಿಕೊಂಡರು. ಅಣ್ಣ ಮೇಲೆ ಬಂದ ಮೇಲೆ ಎರಡು ದಿನ ಸುಮ್ಮನಿದ್ದ ಎಂದು ನನಗೆ ನೆನಪು. ಸುಮ್ಮನಿದ್ದನೋ, ಎಂದಿನಂತೆಯೇ ಇದ್ದನೋ, ಆಮೇಲೆ ಆದದ್ದನ್ನು ತಿಳಿದ ನಾನು ಹಿಂದಕ್ಕೆ ಹೋಗಿ ಅವನ ಬಾಯಿ ಮುಚ್ಚಿಸಿದೆನೋ. ಅವರು ಏನು ಮಾತಾಡಿದರೆಂದು ನಾನು ಕೇಳಿಸಿಕೊಂಡಿಲ್ಲ.

ಸಭೆ ಭಾನುವಾರ ಬೆಳಗ್ಗೆ. ತಾರಸಿಯ ಮೇಲೆ ಶಾಮಿಯಾನ, ಕುರ್ಚಿಗಳು. ಅವ್ವ ಇಳಕಲ್ ಸೀರೆ ಉಟ್ಟು, ಹಣೆಗೆ ಅಗಲವಾಗಿ ವಿಭೂತಿ ಹಚ್ಚಿದ್ದಳು. ಕೆಳಗಿನ ಅಡುಗೆಮನೆಯವನಿಗೆ ಹೇಳಿ ಮಜ್ಜಿಗೆ ಮಾಡಿಸಿ, ಅದಕ್ಕೆ ತಾನೇ ಒಗ್ಗರಣೆ ಕೊಟ್ಟು, ಲೋಟಗಳ ತಟ್ಟೆ ಹಿಡಿದು ಸಾಲುಗಳ ನಡುವೆ ಓಡಾಡಿದಳು. ತನ್ನ ಮನೆಯ ಕೆಲಸಕ್ಕೆ ಬಂದ ಮುಯ್ಯಾಳುಗಳಿಗೆ ಮನೆಯವಳು ಬಾಯಾರಿಕೆ ಕೇಳುವುದು ರೂಢಿ. ಕುರ್ಚಿಯಲ್ಲಿದ್ದವರು ಲೋಟ ತೆಗೆದುಕೊಂಡರು, ಕುಡಿದು ತಟ್ಟೆಗೇ ಇಟ್ಟರು. ಅವ್ವ ಕಂಡಷ್ಟು ಮುಖಗಳಿಗೂ ನಕ್ಕಳು.

ಅಣ್ಣನ ಅರ್ಜಿಯ ಸರದಿ ಬಂತು. ಗುರುಸ್ವಾಮಯ್ಯ ಓದಿದರು: ಸದಸ್ಯತ್ವ ಕೇಳಿರುವವರು ಗಿರಣಿಯಲ್ಲಿ ಸೂಪರ್‌ವೈಸರ್, ಅವಿವಾಹಿತರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಒಳ್ಳೆಯ ಮನುಷ್ಯ, ಮೆಲ್ಲಗೆ ಮಾತಾಡುತ್ತಿದ್ದರು. ಮನೆಗೆಲಸ ಮಾಡುವವರು ಸದಸ್ಯರ ಮನೆಯೊಳಗೆ ವಾಸಿಸುವಂತಿಲ್ಲ, ತಾರಸಿಯ ಕೋಣೆಗಳಲ್ಲೇ ಇರಬೇಕು ಎಂಬುದು ನಿಯಮ. ಅದನ್ನು ಇಬ್ಬರು ಸದಸ್ಯರು ನೆನಪಿಸಿದ್ದಾರೆ ಎಂದರು. ಆಮೇಲೆ ಕೈಯಲ್ಲಿದ್ದ ಪೆನ್ಸಿಲ್ಲನ್ನು ಅವ್ವನ ಕಡೆಗೆ ತಿರುಗಿಸಿ, ಹಿಂದಿಯಲ್ಲಿ ಅಣ್ಣನನ್ನು ಕೇಳಿದರು: ಎಲ್ಲರ ಮನೆಯ ಕೆಲಸ ಮಾಡುವ ಈ ಹೆಂಗಸು ನಿಮ್ಮಲ್ಲೇ ಇದ್ದಾರಲ್ಲ, ಇವರು ನಿಮಗೇನಾಗಬೇಕು?

ಅಣ್ಣ ಎದ್ದು ನಿಂತ. "ಗಾಂವ್ ಕೀ ಹೈ" ಎಂದ. ಊರಿನವಳು. "ಮುಂದಿನ ವಾರ ಹೋಗುತ್ತಾಳೆ."

ನಾನು ಗುರುಸ್ವಾಮಯ್ಯನವರ ಮುಖ ನೋಡಿದೆ. ಅವರು ಹಾಳೆ ತಿರುವುತ್ತಿದ್ದರು. ನೀಲಮ್ಮ ಮಗುವನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಬದಲಿಸಿದಳು. ಮಗು ಅವ್ವನನ್ನು ಕಂಡು ಕೈಚಾಚಿತು. ಆ ಸಭೆಯಲ್ಲಿ ನಿಜವೂ ಹಿಂದಿಯೂ ಎರಡೂ ಗೊತ್ತಿದ್ದವರು ಇವರಿಬ್ಬರೇ, ತಮಿಳು ಅಜ್ಜಿಗೆ ಹಿಂದಿ ಬಾರದು. ಉಳಿದವರು ಅವ್ವ ಊರಿನಿಂದ ತರಿಸಿಕೊಂಡ ಕೆಲಸದವಳು, ನಾನು ಆ ಕೆಲಸದವಳ ಮಗಳು ಎಂದೇ ಇಡೀ ವರ್ಷ ತಿಳಿದಿದ್ದರೆಂದು ನನಗೆ ಆಗ, ಆ ಕುರ್ಚಿಗಳ ಹಿಂದೆ ನಿಂತು, ಹೊಳೆಯಿತು. ತಾಯಿ ಎಂದಿದ್ದರೆ ಮನೆ ಸಿಗುತ್ತಿರಲಿಲ್ಲವೇ? ಅಧ್ಯಕ್ಷರು ನಾಚಿಕೊಂಡು, ಕ್ಷಮೆ ಕೇಳಿ, ಮೊದಲು ತಾವೇ ಕೈ ಎತ್ತುತ್ತಿದ್ದರು ಎಂದು ನನಗನ್ನಿಸುತ್ತದೆ. ಇದು ನನ್ನ ಕಲ್ಪನೆಯೂ ಇರಬಹುದು. ಅಣ್ಣ ಅದನ್ನು ಪರೀಕ್ಷೆ ಮಾಡಿ ನೋಡಲಿಲ್ಲ.

ಒಪ್ಪುವವರು ಕೈ ಎತ್ತಿ ಎಂದರು ಅಧ್ಯಕ್ಷರು. ಕೈಗಳು ಎದ್ದವು. ಪ್ರಿನ್ಸಿಪಾಲರ ಹೆಂಡತಿಯದು, ಗುಜರಾತಿ ಹೆಂಗಸಿನದು, ಸೊಂಟ ನೆಟ್ಟಗಾದ ತಮಿಳು ಅಜ್ಜಿಯದು, ನೀಲಮ್ಮನದು. ಅವ್ವ ಖಾಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಒಂದೊಂದೇ ಕೈಯನ್ನು ನೋಡಿದಳು. ನನ್ನ ಪಕ್ಕಕ್ಕೆ ಬಂದು ಕಿವಿಯಲ್ಲಿ ಹೇಳಿದಳು:

"ನೋಡ್ದ ಗೌರಿ? ಒಬ್ರೂ ತಪ್ಪುಸ್ನಿಲ್ಲ."

ನಾನು ತಟ್ಟೆ ಇಸಿದುಕೊಂಡೆ.

ಅಣ್ಣ ಗಾಬರಿಯಲ್ಲಿ ಹಾಗೆ ಅಂದುಬಿಟ್ಟ, ಸಂಜೆ ಸರಿಮಾಡುತ್ತಾನೆ ಎಂದು ನಾನು ಆ ದಿನವೆಲ್ಲ ನಂಬಿದ್ದೆ. ಸಂಜೆ ಅವನು ಪೇಢಾ ತಂದ. ಅವ್ವ ಅದನ್ನು ಮಾದಪ್ಪನ ಪಟದ ಮುಂದಿಟ್ಟಳು.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಊಟ ಬಂತು. ಆ ಕಡೆ ಆಗ ಅನ್ನ ಉಂಡೇ ಆಫೀಸಿಗೆ ಹೋಗುತ್ತಿದ್ದರು. ಲಿಫ್ಟ್‌ನವನು ಬಾಗಿಲಲ್ಲಿ ಇಟ್ಟುಹೋದದ್ದು ಒಂದೇ ಡಬ್ಬಿ. ದಿನವೂ ಮೂರು. ಅಣ್ಣ ಸ್ನಾನದಲ್ಲಿದ್ದ.

"ಮರ್ತವ್ರೆ" ಎಂದು ಅವ್ವ ಕೆಳಗೆ ಹೊರಟಳು. ನಾನೂ ಹಿಂದೆ ಹೋದೆ. ಲಿಫ್ಟಿನಲ್ಲಿ ಗ್ರೀಸು, ಫಿನಾಯಿಲು, ಬೆಂದ ಬೇಳೆ. ಅಡುಗೆಯವರು ಉಡುಪಿ ಕಡೆಯ ಭಟ್ಟರು, ಕನ್ನಡದವರು. ಅವ್ವನನ್ನು ಕಂಡು ಅವರಿಗೇ ಸಂಕಟವಾಯಿತು.

"ತಪ್ಪಲ್ಲ ಅಮ್ಮಾ. ಊಟ ಹೆಚ್ಚುಕಡಿಮೆ ಆಗುವುದಿದ್ದರೆ ಶನಿವಾರವೇ ಹೇಳಬೇಕಲ್ಲ ಇಲ್ಲಿ. ನಿಮ್ಮ ಮಾದೇವ ಬಂದು ಹೇಳಿ ಹೋಗಿದ್ದಾರೆ, ಸೋಮವಾರದಿಂದ ಒಂದೇ ಸಾಕು ಅಂತ. ನೀವು ಊರಿಗೆ ಹೊರಟಿದ್ದೀರಂತೆ?"

ಶನಿವಾರ. ಸಭೆಗೆ ಮುಂಚೆ. ನೆನಪು ಎಷ್ಟು ಬೇಕಾದರೂ ಸುಳ್ಳು ಹೇಳಲಿ, ಈ ಶನಿವಾರವನ್ನು ಅದು ಅಲುಗಿಸಲಾರದು. ಗಾಬರಿಯ ಮಾತಲ್ಲ ಅದು. ಸಿದ್ಧಮಾಡಿಟ್ಟುಕೊಂಡಿದ್ದ ಮಾತು.

ಅವ್ವ ಭಟ್ಟರಿಗೆ, "ಔದು ಕಣಪ್ಪ, ಒರಟಿದ್ದೀವಿ" ಎಂದಳು. ಮೇಲೆ ಬಂದು ಎಲೆ ಹಾಕಿ, ಆ ಒಂದು ಡಬ್ಬಿಯನ್ನು ಅಣ್ಣನ ಮುಂದೆ ಬಿಚ್ಚಿಟ್ಟಳು.

"ಉಣ್ಣು. ಒತ್ತಾಯ್ತದ ನಿಂಗ."

ಅಣ್ಣ ತುತ್ತು ಕಲಸುತ್ತ ಹೇಳಿದ. "ಅವ್ವ, ಊರಲ್ಲಿ ಬಿತ್ನೆ ಕಾಲ. ಚಿಕ್ಕಪ್ಪ ಒಬ್ನೇ ಏನ್ ಮಾಡ್ತಾನೆ? ಎರಡು ತಿಂಗ್ಳು ಇದ್ದು ಬನ್ನಿ. ಅಷ್ಟೊತ್ತಿಗೆ ಹೊಸ ಮನೆಗೆ ಸುಣ್ಣಬಣ್ಣ ಆಗಿರ್ತದೆ."

"ನನ್ನ ಟೈಪಿಂಗ್ ಪರೀಕ್ಷೆ ಮುಂದಿನ ತಿಂಗಳು" ಎಂದೆ.

"ಕೊಳ್ಳೇಗಾಲದಲ್ಲಿ ಕಟ್ಟಿದ್ರಾಯ್ತು ಬಿಡು." ಶಾಗ್ಯದಿಂದ ಕೊಳ್ಳೇಗಾಲಕ್ಕೆ ದಿನವೂ ಹೋಗಿಬರುವುದು ಹೇಗೆಂದು ಅವನು ಯೋಚಿಸಿರಲಿಲ್ಲ. ಯೋಚಿಸುವ ಅಗತ್ಯವೂ ಇರಲಿಲ್ಲವೇನೋ.

"ಆಗ್ಲಿ ಕಣ್ಲಾ" ಎಂದಳು ಅವ್ವ.

ಕೊಳ್ಳೇಗಾಲದಲ್ಲಿ ಬಸ್ಸಿಳಿದಾಗ ರೇಷ್ಮೆಗೂಡು ಬೇಯಿಸುವ ವಾಸನೆ ಮುಖಕ್ಕೆ ಬಡಿಯಿತು. ಅವ್ವ ಮೂಗು ಮುಚ್ಚಿಕೊಳ್ಳಲಿಲ್ಲ. ಎರಡು ತಿಂಗಳಾಯಿತು, ಸುಗ್ಗಿಯೂ ಆಯಿತು. ಅಣ್ಣನಿಂದ ಕರೆ ಬರಲಿಲ್ಲ. ಚಿಕ್ಕಪ್ಪ ಎತ್ತುಗಳನ್ನು ಹಿಂದಕ್ಕೆ ಕೊಡಲಿಲ್ಲ. ಅವ್ವ ಅವನ ಹೊಲಕ್ಕೆ ಮುಯ್ಯಾಳಾಗಿ ಹೋಗಿ, ಎತ್ತಿನ ಮುಯ್ಯಿ ಪಡೆದು ತನ್ನ ಹೊಲ ಉತ್ತಳು. ಸಭೆಯಲ್ಲಿ ಅಣ್ಣ ಆಡಿದ ಮಾತನ್ನು ನಾನು ಅವಳಿಗೆ ಹೇಳಲಿಲ್ಲ. ಒಂದು ಡಬ್ಬಿ ಊಟವನ್ನು ಅವಳು ಕಂಡಿದ್ದಳು. ಆ ಮಾತಾದರೂ ಅವಳಿಗೆ ತಿಳಿಯದೆ ಉಳಿಯಲಿ ಎಂದುಕೊಂಡಿದ್ದೆ. ಕೈ ಎತ್ತಿದ ಮನೆಗಳ ಬಗ್ಗೆ ಕೇಳಿದವರಿಗೆ ಅವಳು, "ಒಳ್ಳೇ ಜನ, ಮುಯ್ಯಿ ತೀರಿಸ್ದೋರು" ಎನ್ನುತ್ತಿದ್ದಳು. ನನಗೆ ಎದ್ದು ಹೊರಗೆ ಹೋಗುವಂತಾಗುತ್ತಿತ್ತು.

ಮಾರನೆಯ ಬೇಸಿಗೆಯಲ್ಲಿ ಅಣ್ಣನ ಮದುವೆ ಗೊತ್ತಾಯಿತು. ಹುಡುಗಿ ನೀಲಮ್ಮನ ತಂಗಿ, ಯಳಂದೂರಿನವಳು. ಮದುವೆ ಕೊಳ್ಳೇಗಾಲದ ಛತ್ರದಲ್ಲಿ. ಈಗ ಲಿಫ್ಟ್ ಇರುವ ಮಂಟಪ ಎದ್ದಿರುವುದು ಆ ಛತ್ರದ ಜಾಗದಲ್ಲೇ ಎಂದು ಬರೆಯಲು ಕೈ ತುರಿಸುತ್ತದೆ. ಅಲ್ಲ. ಛತ್ರವಿದ್ದದ್ದು ಬೇರೆ ಬೀದಿಯಲ್ಲಿ.

ಅವ್ವ ವಿಧವೆಯಾದ್ದರಿಂದ ಹಸೆಯ ಹತ್ತಿರ ತಂದೆತಾಯಿಯ ಜಾಗದಲ್ಲಿ ಚಿಕ್ಕಪ್ಪ, ಚಿಕ್ಕಮ್ಮ ಕೂತರು. ಧಾರೆಯಾಯಿತು. ಮುಯ್ಯಿ ಕೂಗುವ ಹೊತ್ತು ಬಂತು. ಕೊಡುವವರು ಸಾಲಾಗಿ ಬಂದು ಹೆಸರು ಹೇಳಬೇಕು. ಒಬ್ಬರು ನಿಂತು ಇಂಥ ಊರಿನ ಇಂಥವರು, ಇಂಥ ಸಂಬಂಧ, ಇಂಥ ಮುಯ್ಯಿ ಎಂದು ಇಡೀ ಚಪ್ಪರಕ್ಕೆ ಕೇಳುವಂತೆ ಕೂಗುತ್ತಾರೆ. ಹೆಣ್ಣಿನ ಕಡೆಯಿಂದ ಕೂಗಲು ನಿಂತವರು ಗುರುಸ್ವಾಮಯ್ಯ. ಅವರ ಗಂಟಲು ದೊಡ್ಡದು.

ಸಾಲಿನಲ್ಲಿ ಅವ್ವ ನಿಂತಿದ್ದಳು. ಹೆತ್ತವರು ಮುಯ್ಯಿ ಕೊಡುವುದಿಲ್ಲ, ಕೊಡುವವರು ಹೊರಗಿನವರು. ಮೊದಲು ಯಾರೂ ಗಮನಿಸಲಿಲ್ಲ. ಅವಳ ಸರದಿ ಬಂದಾಗ ಸೆರಗಿನೊಳಗಿಂದ ಒಂದು ಹಿತ್ತಾಳೆ ಡಬ್ಬಿ ತೆಗೆದಳು. ಮುಚ್ಚಳದ್ದು, ಒಬ್ಬರ ಊಟ ಹಿಡಿಯುವಷ್ಟು.

ಗುರುಸ್ವಾಮಯ್ಯ ನಗಲು ನೋಡಿದರು. "ಏನಕ್ಕ, ನೀವ್ ಇಲ್ಲಿ ನಿಂತಿದ್ದೀರಿ?"

"ಕೂಗಪ್ಪ."

"ನಿಮ್ದು ಏನಂತ ಕೂಗ್ಲಿ?"

"ಊರೋರು ಅಂತ ಕೂಗು."

ಅವರು ಅಣ್ಣನ ಕಡೆ ತಿರುಗಿದರು. ಹಸೆಯ ಮೇಲೆ ಅಣ್ಣ ತಲೆ ಎತ್ತಿದ. ಬಾಸಿಂಗ ಜಾರಿತು, ಅವನು ಸರಿಮಾಡಿಕೊಳ್ಳಲಿಲ್ಲ. ಚಪ್ಪರದಲ್ಲಿದ್ದ ಅಷ್ಟು ಜನರಲ್ಲಿ ಅದರ ಅರ್ಥ ಗೊತ್ತಿದ್ದವರು ಅಣ್ಣ, ಗುರುಸ್ವಾಮಯ್ಯ, ನೀಲಮ್ಮ ಮತ್ತು ನಾನು. ಮತ್ತು ಅವ್ವ. ಒಂದು ವರ್ಷ ಅಷ್ಟು ಮನೆಗಳ ಒಳಗೆ ಕೂತು ಎದ್ದವಳಿಗೆ ಆ ಹಿಂದಿ ತಿಳಿಯುತ್ತಿತ್ತು. ತಟ್ಟೆ ಹಿಡಿದು ನಿಂತಿದ್ದಾಗಲೇ ತಿಳಿದಿತ್ತು. ತಿಳಿದೇ ನನ್ನ ಕಿವಿಯಲ್ಲಿ, ಒಬ್ಬರೂ ತಪ್ಪಿಸಲಿಲ್ಲ ಎಂದಿದ್ದಳು. ಆ ಮನೆಗಳವರು ತಪ್ಪಿಸಿರಲಿಲ್ಲ, ನಿಜ.

"ಕೂಗಪ್ಪ, ಇಂದ್ಗಡೆ ಜನ ಕಾಯ್ತಾವ್ರೆ."

ಗುರುಸ್ವಾಮಯ್ಯ ಕೂಗಿದರು. ಆ ದೊಡ್ಡ ಗಂಟಲು ಸಣ್ಣಗಾಗಿತ್ತು. "ಶಾಗ್ಯದ ಪುಟ್ಟಮಾದಮ್ಮ. ಗಂಡಿನ ಊರೋರು. ಒಂದು ಹಿತ್ತಾಳೆ ಡಬ್ಬಿ."

ಅವ್ವ ಅಕ್ಷತೆ ಹಾಕಿ ಇಳಿದಳು. ಅಷ್ಟರಲ್ಲಿ ಎಲೆ ಹಾಕಿದ್ದರು. ಬಡಿಸಲು ಕೈ ಸಾಲದೆ ಚಿಕ್ಕಮ್ಮ, "ಅಕ್ಕಾ, ಒಸಿ ಬಾರಕ್ಕ" ಎಂದು ಕೂಗಿದಳು. ಅವ್ವ ನನ್ನ ಕೈಹಿಡಿದು ಪಂಕ್ತಿಯಲ್ಲಿ, ಊರಿನ ನೆಂಟರ ನಡುವೆ ಕೂರಿಸಿಕೊಂಡಳು. ಎಲೆಗೆ ನೀರು ಚಿಮುಕಿಸಿದಳು. ಮತ್ತೆ ಕರೆದರು. ಅವಳು ಏಳಲಿಲ್ಲ.